ಕಾರಿನ ಬಾಯಿಗೆ ಮೀನಿನ ನೀರು

ಗಂಡನ ಮೇಲೆ ಚಾಡಿ ಹೇಳಲು ಹಿಂದೆಲ್ಲ ನೆರೆಮನೆಯವರು ಬೇಕಾಗಿತ್ತು. ಪಾಪ, ಅವರಿಗೂ ಅವರದ್ದೇ ಆದ ಅಡುಗೆ, ಬಟ್ಟೆ, ಜಗಳ ಎಲ್ಲ ಇರುತ್ತಿದ್ದುದರಿಂದ ದಿನದಲ್ಲಿ ಸ್ವಲ್ಪ ಹೊತ್ತಾದರೂ ನಮಗೆ ಬಿಡುವು ಸಿಗುತ್ತಿತ್ತು. ಈಗ ಆ ಉದ್ಯೋಗವನ್ನು ಕಾರಿಗೆ ವಹಿಸಿದ್ದಾರೆ. ನಾವೇ ಶೋರೂಮಿಗೆ ಹೋಗಿ, ನಾವೇ ಬಣ್ಣ ಆರಿಸಿ, ನಾವೇ ಚಕ್ರದಡಿಗೆ ನಿಂಬೆಹಣ್ಣು ಇಟ್ಟು, ಆರತಿ ಎತ್ತಿ, ಒಬ್ಬ ಚಾಡಿಕೋರನನ್ನು ಅಂಗಳಕ್ಕೆ ಕರೆತರುವ ಕಾಲ ಬಂದಿದೆ.

ನಾನು ತಾರಾನಾಥ. ಉಡುಪಿಯಲ್ಲಿ ನನ್ನದೊಂದು ಇಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇದೆ. ಮನೆ ಕಾಪುವಿನಲ್ಲಿ. ಹೆಂಡತಿ ಸೌಮ್ಯಶ್ರೀ ಹೈಸ್ಕೂಲಿನಲ್ಲಿ ಗಣಿತದ ಟೀಚರು (ಮನೆಯಲ್ಲಿಯೂ ಅದೇ ಹುದ್ದೆ). ಕಳೆದ ವರ್ಷ ನಾವು ಕೊಂಡ ಕಾರಿನ ಹೊಟ್ಟೆಯೊಳಗೆ ಒಂದು ಸಂವಹನ ಘಟಕ ಉಂಟಂತೆ. ಘಟಕ ಎಂದರೆ ಒಂದು ಸಣ್ಣ ಡಬ್ಬಿ, ಅದರೊಳಗೊಂದು ಸಿಮ್ ಕಾರ್ಡು. ಕಾರು ಎಲ್ಲಿ ನಿಂತಿದೆ, ಏಸಿ ಎಷ್ಟರಲ್ಲಿದೆ, ಗಾಜು ಇಳಿದಿದೆಯೋ ಏರಿದೆಯೋ, ಎಲ್ಲವನ್ನೂ ಅದು ಫೋನಿಗೆ ವರದಿ ಮಾಡುತ್ತದೆ. ಯಾರ ಫೋನಿಗೆ? ಕಾರು ಕೈಗೆ ಬಂದ ದಿನ ನಾನು ಅದರ ಫೋಟೋ ತೆಗೆದು ತೆಗೆದು ನನ್ನ ಫೋನಿನ ಚಾರ್ಜು ಮುಗಿದಿತ್ತು. ಶೋರೂಮಿನವನು ಆಪನ್ನು ಸೌಮ್ಯಳ ಫೋನಿಗೆ ಹಾಕಿಕೊಟ್ಟ. ನನ್ನ ಜಾತಕದಲ್ಲಿ ಶನಿ ಮನೆ ಬದಲಿಸಿದ್ದು ಆ ಗಳಿಗೆಯಲ್ಲಿ.

ಅದೇ ದಿನ ನಾನು ಒಂದು ಶಾಸನವನ್ನೂ ಹೊರಡಿಸಿದೆ. "ಈ ಕಾರಿನೊಳಗೆ ಮೀನು ಬರಬಾರದು. ಹಸಿಯದ್ದಿರಲಿ, ಒಣಗಿದ್ದಿರಲಿ, ಹುರಿದದ್ದಿರಲಿ, ಯಾವ ರೂಪದಲ್ಲಿಯೂ ಬರಬಾರದು." ಇದಕ್ಕೆ ಕಾರಣವಿತ್ತು. ನನ್ನ ದೊಡ್ಡಮ್ಮನ ಮಗನ ಕಾರಿನ ಸೀಟಿನ ಸಂದಿಯಲ್ಲಿ ಒಮ್ಮೆ ಒಂದೇ ಒಂದು ಸಿಗಡಿ ಕಳೆದುಹೋಗಿತ್ತು. ಒಂದೇ ಒಂದು! ಕೊನೆಗೆ ಆ ಕಾರನ್ನು ಕೊಂಡವರು ವರ್ಷವಿಡೀ ನೆಗಡಿಯಿರುವ ಒಬ್ಬ ಮಹನೀಯರು.

"ಹಾಗಾದರೆ ಅಮ್ಮನಿಗೆ ಮೀನು?" ಎಂದು ಕೇಳಿದಳು ಸೌಮ್ಯ. ಅವಳ ತವರು ಕಾರ್ಕಳದ ಆಚೆ ಅಜೆಕಾರು. ಗದ್ದೆ, ತೋಟ, ತರಕಾರಿ ಏನು ಬೇಕಾದರೂ ಅಲ್ಲಿದೆ, ಸಮುದ್ರ ಮಾತ್ರ ಇಲ್ಲ. ಕರಾವಳಿಯಿಂದ ಮೇಲಕ್ಕೆ ಹೋಗುವವರು ಮೀನು ಒಯ್ಯಬೇಕು, ಬರುವಾಗ ಸೌತೆಕಾಯಿ, ಹಲಸು ತರಬೇಕು ಎನ್ನುವುದು ನಮ್ಮಲ್ಲಿ ಯಾರೂ ಬರೆದಿಡದ ಒಪ್ಪಂದ.

"ಬಸ್ಸು ಉಂಟಲ್ಲ" ಎಂದೆ ನಾನು, ಶಾಸಕಾಂಗದ ಗಾಂಭೀರ್ಯದಿಂದ.

ಅವಳು ಬಸ್ಸಿನಲ್ಲೇ ಹೋದಳು. ಭಾನುವಾರದ ರಶ್ಶಿನಲ್ಲಿ, ಬಂಗುಡೆಯ ಚೀಲವನ್ನು ಕಾಲಿನ ಸಂದಿಯಲ್ಲಿ ಇಟ್ಟುಕೊಂಡು. ಸಂಜೆ ಮರಳಿದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು: "ಕಂಡಕ್ಟರ್ ಎಂತ ಹೇಳಿದ ಗೊತ್ತುಂಟಾ? 'ಟೀಚರ್, ನೀವು ಮುಂದಿನ ಬಾಗಿಲಿನಿಂದ ಹತ್ತಿ, ನಿಮ್ಮ ಮೀನು ಹಿಂದಿನ ಬಾಗಿಲಿನಿಂದ ಹತ್ತಲಿ' ಅಂತ. ನನ್ನ ಶಾಲೆಯ ಮಕ್ಕಳಿದ್ದರು ಬಸ್ಸಿನಲ್ಲಿ!" ನಾನು ಕಾನೂನು ಎಲ್ಲರಿಗೂ ಒಂದೇ ಎಂದು ಸಮಾಧಾನ ಹೇಳಿದೆ. ಆ ಮಾತಿನ ನಂತರ, ಜಗತ್ತಿನಲ್ಲಿ ಯಾರು ಬೇಕಾದರೂ ಆ ಕಾನೂನನ್ನು ಮುರಿಯಬಹುದಿತ್ತು, ನಾನೊಬ್ಬ ಮಾತ್ರ ಮುರಿದು ಸಿಕ್ಕಿಬೀಳುವ ಹಾಗಿರಲಿಲ್ಲ.

ಫೆಬ್ರವರಿಯ ಒಂದು ಭಾನುವಾರ ನಾನು ಅದನ್ನು ಮುರಿದೆ.

ಅಜೆಕಾರಿನಲ್ಲಿ ಅತ್ತೆಯ ಬಾವಿಯ ಪಂಪು ಕೆಟ್ಟಿತ್ತು. ಸೌಮ್ಯಳಿಗೆ ಹತ್ತನೆಯ ತರಗತಿಯವರ ಸ್ಪೆಷಲ್ ಕ್ಲಾಸು. ಇಲೆಕ್ಟ್ರಿಕಲ್ ಅಳಿಯನೊಬ್ಬನೇ ಹೊರಡುವುದೆಂದು ತೀರ್ಮಾನವಾಯಿತು. ಹಿಂದಿನ ಸಂಜೆ ಅಂಗಡಿಗೆ ಅತ್ತೆಯ ಫೋನು ಬಂತು. ನನ್ನ ಅತ್ತೆಯ ಹೆಸರು ಅಪ್ಪಿ. ಹೆಸರು ಎರಡಕ್ಷರ, ಧ್ವನಿ ಎರಡು ಗುಡ್ಡ ದಾಟುವಂಥದ್ದು.

"ಅಳಿಯಂದಿರೇ, ಪಂಪು ಹೇಗೂ ಆಗ್ತದೆ. ಬರುವಾಗ ನಾಲ್ಕು ಬಂಗುಡೆ ಹಿಡ್ಕೊಂಡು ಬನ್ನಿ. ಕಾಪುವಿನ ಅಳಿಯ ಬರಿಗೈಯಲ್ಲಿ ಬಂದರೆ ಇಲ್ಲಿಯವರು ಸಮುದ್ರ ಬತ್ತಿತಾ ಅಂತ ಕೇಳ್ತಾರೆ."

"ಅತ್ತೆ, ಕಾರಿನಲ್ಲಿ..."

"ಸೌಮ್ಯನಿಗೆ ನಾನು ಎಂತದ್ದೂ ಹೇಳುವುದಿಲ್ಲ. ನನ್ನ ಬಾಯಿ ನಿಮಗೆ ಗೊತ್ತುಂಟಲ್ಲ?"

(ಗೊತ್ತಿತ್ತು. ಆದರೂ ಒಪ್ಪಿದೆ. ಹುಳಿ, ಖಾರ ಹಾಕಿದ ಬಂಗುಡೆ ಪುಳಿಮುಂಚಿಯನ್ನು ಅತ್ತೆಯಷ್ಟು ಚೆನ್ನಾಗಿ ಮಾಡುವವರು ಇನ್ನೊಬ್ಬರಿಲ್ಲ. ಈ ವಾಕ್ಯವನ್ನು ದಯವಿಟ್ಟು ನಮ್ಮ ಮನೆಯಲ್ಲಿ ಯಾರೂ ಓದಿ ಹೇಳಬೇಡಿ.)

ನನ್ನ ಶಾಲಾ ಗೆಳೆಯ ಬೂಬನಿಗೆ ಒಂದು ಬೋಟಿನಲ್ಲಿ ಪಾಲಿದೆ. ಅವನು ಬೆಳಿಗ್ಗೆ ಮೀನು ಹಿಡಿದುಕೊಂಡು ಹೆದ್ದಾರಿಯ ಬದಿಗೆ ಬರುತ್ತೇನೆಂದ. ಬದಿ ಎಂದರೆ ಯಾವ ಬದಿ? ಸಾಗರ ಸಂಗಮ ಬಾರ್ ಎಂಡ್ ರೆಸ್ಟೋರೆಂಟಿನ ಎದುರು. ಅಲ್ಲಿ ಅವನ ಭಾವ ಕೆಲಸಕ್ಕಿರುವುದರಿಂದ ಐಸು ಧರ್ಮಕ್ಕೆ ಸಿಗುತ್ತದಂತೆ. ನಾಲ್ಕು ಬಂಗುಡೆ ಎಂದರೆ ಬೂಬನ ಲೆಕ್ಕದಲ್ಲಿ ಒಂದು ಥರ್ಮಾಕೋಲ್ ಪೆಟ್ಟಿಗೆ ತುಂಬ. ಮೇಲಿನಿಂದ ಬಾರಿನವರ ಐಸು. ಎರಡು ಜನ ಹಿಡಿದು ಎತ್ತಿ, ಕಾಲಿಡುವಲ್ಲಿ ಹಿಡಿಸದೆ, ಎಡಗಡೆಯ ಸೀಟಿನ ಮೇಲೆ ಟವೆಲು ಹಾಸಿ ಕೂರಿಸಿದೆವು.

ಕಾರು ಹೊರಟಿತು, ಟೀಂ ಟೀಂ ಎಂದು ಬಡಿದುಕೊಳ್ಳಲು ಶುರುಮಾಡಿತು. ಎಡ ಸೀಟಿನಲ್ಲಿ ಯಾರೋ ಕೂತಿದ್ದಾರೆ, ಬೆಲ್ಟು ಹಾಕಿಲ್ಲ ಎಂದು ಅದರ ಆತಂಕ. ಅರ್ಧ ಕಿಲೋಮೀಟರು ಸಹಿಸಿದೆ. ಕೊನೆಗೆ ನಿಲ್ಲಿಸಿ ಬಂಗುಡೆ ಪೆಟ್ಟಿಗೆಗೆ ಬೆಲ್ಟು ಬಿಗಿದೆ. ಆಮೇಲೆ ನಂದಿಕೂರು, ಬೆಳ್ಮಣ್ಣು, ಕಾರ್ಕಳ ದಾಟಿ ನಾವಿಬ್ಬರೂ ಬಹಳ ಶಿಸ್ತಿನಿಂದ ಅಜೆಕಾರು ತಲುಪಿದೆವು. ಪೆಟ್ಟಿಗೆಯ ಮೂಲೆಯಲ್ಲೊಂದು ತೂತಿತ್ತೆಂದು ಗೊತ್ತಾದದ್ದು ಅಲ್ಲಿ ಟವೆಲು ಹಿಂಡಿದಾಗ. ಸೀಟನ್ನು ಒರೆಸಿದೆ, ಅತ್ತೆಯ ಮನೆಯ ಊದುಬತ್ತಿ ಹಚ್ಚಿದೆ, ಪಂಪು ಸರಿಮಾಡಿದೆ, ಕುತ್ತಿಗೆಯವರೆಗೆ ಊಟ ಮಾಡಿದೆ.

ಸಂಜೆ ಮನೆಗೆ ಬಂದಾಗ ಸೌಮ್ಯ ಜಗಲಿಯ ಚಿಟ್ಟೆಯ ಮೇಲೆ ಫೋನು ಹಿಡಿದುಕೊಂಡು ಕೂತಿದ್ದಳು.

"ಎಲ್ಲಿಂದ ಬಂದದ್ದು?"

"ಅಜೆಕಾರಿನಿಂದ."

"ಕಾರು?"

"ಕಾರೂ ಅಲ್ಲಿಂದಲೇ. ನಾನು ಅದರ ಒಳಗೇ ಇದ್ದೆ ಮಾರಾಯ್ತಿ."

ಅವಳು ಫೋನನ್ನು ನನ್ನ ಮೂಗಿನ ತುದಿಗೆ ತಂದಳು. 'ನಿಮ್ಮ ವಾಹನವು ಸಾಗರ ಸಂಗಮ ಬಾರ್ ಎಂಡ್ ರೆಸ್ಟೋರೆಂಟ್ ಎದುರು ನಿಂತಿದೆ.' ಅಂಗಳದಲ್ಲಿ ಕಾರು ಕಣ್ಣೆದುರೇ ನಿಂತಿತ್ತು, ಎಂಜಿನ್ನು ಇನ್ನೂ ಬಿಸಿ. ಆದರೆ ಆಪಿನ ಪ್ರಕಾರ ಅದು ಬೆಳಿಗ್ಗೆಯಿಂದ ಬಾರಿನ ಬಾಗಿಲು ಕಾಯುತ್ತಿತ್ತು.

"ನೋಡು, ಕಾರು ಇಲ್ಲುಂಟು. ಅದು ಅಲ್ಲುಂಟು ಅಂತ ಹೇಳ್ತದೆ. ಆಪು ಹಾಳಾಗಿದೆ" ಎಂದೆ.

"ಹಾಳಾಗಿರಬಹುದು. ಆದರೆ ಗಡಿಯಾರ ನಿಂತರೆ ನಿಂತ ಹೊತ್ತನ್ನೇ ತೋರಿಸುವುದು ಅಲ್ವಾ? ಆ ಹೊತ್ತು ಒಮ್ಮೆ ಬಂದೇ ಇರ್ತದೆ. ಕಾರು ಬಾರಿಗೆ ಯಾಕೆ ಹೋಗಿತ್ತು?"

ನಾನು ಸೋಡಾ ಕುಡಿದರೂ ತಲೆ ತಿರುಗುವ ಮನುಷ್ಯ. ಭಜನಾ ಮಂಡಳಿಯ ಕಾರ್ಯದರ್ಶಿ. ಬಾರಿನ ಎದುರು ನಿಂತದ್ದು ಐಸಿಗೆ ಎಂದು ಹೇಳಿದರೆ ಕುಡುಕನೆಂಬ ಅಪವಾದ ಒಂದೇ ಗಳಿಗೆಯಲ್ಲಿ ತಪ್ಪುತ್ತಿತ್ತು. ಆದರೆ ಗಣಿತದ ಟೀಚರು ಮುಂದಿನ ಪ್ರಶ್ನೆ ಕೇಳದೆ ಬಿಡುವುದುಂಟೆ? 'ಐಸು ಯಾಕೆ?' ಅಲ್ಲಿಗೆ ಬಂಗುಡೆ, ಶಾಸನ, ಬಸ್ಸು, ಕಂಡಕ್ಟರು ಎಲ್ಲರೂ ಸಾಲಾಗಿ ಬಂದು ನನ್ನ ಎದುರು ನಿಲ್ಲುತ್ತಿದ್ದರು. ಅತ್ತ ದರಿ, ಇತ್ತ ಪುಲಿ. ನಾನು ಮೂರನೆಯ ದಾರಿ ಹಿಡಿದೆ.

"ಆ ಡಬ್ಬಿ ಮೊದಲಿನಿಂದಲೇ ಸರಿ ಇಲ್ಲ. ಬಾಯಿಗೆ ಬಂದ ಊರಿನ ಹೆಸರು ಹೇಳ್ತದೆ. ಇವತ್ತು ಬಾರು, ನಾಳೆ ನಂದಿಕೂರಿನ ಪವರ್ ಪ್ಲಾಂಟು ಅಂತೀತು."

"ಆಯ್ತು. ಹಾಗಾದರೆ ತೋರಿಸುವ. ಡಬ್ಬಿ ಹಾಳಾಗಿದ್ದರೆ ನೀವು ಸತ್ಯವಂತರು. ಸರಿ ಇದ್ದರೆ ಭಜನೆಯ ತಾಳ ಕೆಳಗಿಟ್ಟು ನನ್ನ ಹತ್ತಿರ ಮಾತಾಡಿ."

ಬೇರೆಯವರು ಬಿಚ್ಚುವುದಕ್ಕಿಂತ ನಾನೇ ಬಿಚ್ಚುವುದು ಕ್ಷೇಮವೆಂದು ಮರುದಿನ ಬೆಳಿಗ್ಗೆ ಸ್ಕ್ರೂಡ್ರೈವರು ಹಿಡಿದು ಕಾರಿನೊಳಗೆ ನುಗ್ಗಿದೆ. ಮೂವತ್ತು ವರ್ಷ ಫ್ಯಾನು, ಮಿಕ್ಸಿ, ಪಂಪುಗಳ ಜೊತೆ ಸಂಸಾರ ಮಾಡಿದವನಿಗೆ ಕಾರಿನ ಫ್ಯೂಸು ಯಾವ ಲೆಕ್ಕ? ನಾಲ್ಕು ಫ್ಯೂಸು ತೆಗೆದೆ, ಊದಿದೆ, ಒರೆಸಿದೆ, ಹಾಕಿದೆ. ತೆಗೆದ ಕ್ರಮದಲ್ಲಿ ಹಾಕಿದೆನೋ ಇಲ್ಲವೋ ದೇವರೇ ಬಲ್ಲ. ಕೀಲಿ ತಿರುಗಿಸಿದ ಕೂಡಲೇ ವೈಪರು ಒಣ ಗಾಜಿನ ಮೇಲೆ ಯದ್ವಾತದ್ವಾ ಓಡತೊಡಗಿತು, ನಾಲ್ಕೂ ದೀಪ ಮಿಣುಕಿತು, ಹಾರ್ನು ಒಂದೇ ಸವನೆ ಕೂಗಿತು.

ಪಕ್ಕದ ಮನೆಯ ಜೆರ್ಟ್ರೂಡ್ ಬಾಯಿ ಕಂಪೌಂಡಿನ ಮೇಲಿನಿಂದ ಇಣುಕಿದರು. "ತಾರಾನಾಥಣ್ಣ, ದಿಬ್ಬಣ ಯಾರದ್ದು?"

ಸೌಮ್ಯ ಮಣಿಪಾಲದ ಒಂದು ಸರ್ವಿಸ್ ಸೆಂಟರಿಗೆ ಫೋನು ಮಾಡಿ ಶನಿವಾರ ಮಧ್ಯಾಹ್ನಕ್ಕೆ ಹೊತ್ತು ಗೊತ್ತುಮಾಡಿದಳು. "ನಾನೂ ಬರ್ತೇನೆ" ಎಂದಳು. ಆ ಎರಡು ಪದದ ವಾಕ್ಯದಲ್ಲಿ ಬಹಳ ಅರ್ಥವಿತ್ತು.

ಶನಿವಾರದವರೆಗೆ ನಾನು ಪ್ರತಿದಿನ ಕಾರಿನೊಳಗೆ ಊದುಬತ್ತಿ ಹಚ್ಚಿದೆ. ಸೌಮ್ಯಳೂ ಯಾವತ್ತೂ ಇಲ್ಲದ್ದು ಒಂದು ಚೆಂಡು ಶಂಕರಪುರ ಮಲ್ಲಿಗೆ ತಂದು ಕನ್ನಡಿಗೆ ಕಟ್ಟಿದಳು. ಕಾರು ಸರಿಯಾಗಲಿ ಎಂದು ಇವಳಿಗೂ ಎಷ್ಟು ಭಕ್ತಿ ಎಂದು ನನ್ನ ಕಣ್ಣು ತೇವವಾಯಿತು. ಅವಳ ಪಶ್ಚಾತ್ತಾಪವೇ ಮಲ್ಲಿಗೆಯಾಗಿ ತೂಗುತ್ತಿದೆ ಎಂದು ಆಗ ನನಗೆ ಹೊಳೆಯಲಿಲ್ಲ.

ಸರ್ವಿಸ್ ಸೆಂಟರಿನಲ್ಲಿ ನಮಗೆ ಸಿಕ್ಕಿದವರು ಲಿಯೋನೆಲ್ ಎಂಬ ತಂತ್ರಜ್ಞರು. ಮಾತು ಕಡಿಮೆ, ನಗು ಜಾಸ್ತಿ. ಸ್ಟಿಯರಿಂಗಿನ ಅಡಿಗೆ ಒಂದು ವಯರು ಚುಚ್ಚಿ ಲ್ಯಾಪ್‌ಟಾಪ್ ತೆರೆದರು. ಕಾರಿನ ಒಂದೊಂದೇ ಭಾಗವನ್ನು ಹೆಸರು ಹಿಡಿದು ಕರೆಯುವುದಂತೆ, ಇದ್ದವರು ಉತ್ತರ ಕೊಡುವುದಂತೆ.

"ಎಂಜಿನ್ನು ಉಂಟು. ಬ್ರೇಕು ಉಂಟು. ಏರ್‌ಬ್ಯಾಗು ಉಂಟು. ಸಂವಹನ ಘಟಕ... ಉತ್ತರ ಇಲ್ಲ ಮೇಡಂ."

"ಗೈರುಹಾಜರು" ಎಂದಳು ಸೌಮ್ಯ, ಅವಳಿಗೆ ಅರ್ಥವಾಗುವ ಭಾಷೆಯಲ್ಲಿ.

"ನೋಡಿದೆಯಾ! ಹಾಳಾಗಿದೆ!" ನಾನು ಎರಡೂ ಕೈ ಎತ್ತಿದೆ. "ಇನ್ನು ಬಿಚ್ಚುವುದೆಲ್ಲ ಬೇಡ ಲಿಯೋನೆಲ್. ಹಾಳಾಗಿದೆ ಅಂತ ಗೊತ್ತಾಯಿತಲ್ಲ, ಸಾಕು. ಮನೆಗೆ ಹೋಗುವ."

"ಯಾಕೆ ಹಾಳಾಯಿತು ಅಂತ ನೋಡಬೇಕಲ್ಲ ಸರ್. ಈ ಮಾಡೆಲಿನಲ್ಲಿ ಡಬ್ಬಿ ಇರುವುದು ಎಡಗಡೆ ಸೀಟಿನ ಅಡಿಯಲ್ಲಿ."

ಇಷ್ಟು ದೊಡ್ಡ ಕಾರಿನಲ್ಲಿ ಅದಕ್ಕೆ ಬೇರೆ ಜಾಗವೇ ಸಿಗಲಿಲ್ಲವೆ? "ಅಲ್ಲಿ ಬೇಡ, ಮೇಲೆ ಏಂಟೆನಾ ಉಂಟಲ್ಲ, ಅದನ್ನು ನೋಡಿ" ಎಂದು ಅಡ್ಡ ನಿಂತೆ. ಸೌಮ್ಯಳೂ ಅಷ್ಟೇ ಗಾಬರಿಯಿಂದ, "ಹೌದು, ಹೌದು, ಮೇಲೆ ನೋಡಿ" ಎಂದದ್ದು ನನಗೆ ವಿಚಿತ್ರವೆನಿಸಿತು. ಲಿಯೋನೆಲ್ ನಗುತ್ತಲೇ ಸೀಟು ಬಿಚ್ಚಿದರು. ಕಾರ್ಪೆಟ್ಟು ಎತ್ತಿದರು.

ಶಂಕರಪುರದ ಮಲ್ಲಿಗೆ, ಅಜೆಕಾರಿನ ಊದುಬತ್ತಿ, ಕಾಪುವಿನ ಸಮುದ್ರ, ಮೂರೂ ಒಟ್ಟಿಗೆ ಮೇಲೆದ್ದು ಬಂದವು. ಪಕ್ಕದ ಕಾರಿನ ಅಡಿಯಲ್ಲಿ ಮಲಗಿದ್ದ ಮೆಕ್ಯಾನಿಕ್ಕು ಹೊರಗೆ ತಲೆ ಹಾಕಿ ಸುತ್ತ ನೋಡಿದ. ಡಬ್ಬಿಗೆ ಹೋಗುವ ಕನೆಕ್ಟರು ಹಸಿರುಗಟ್ಟಿತ್ತು. ಅದರ ಮೇಲೆ ಒಂದು ಬೆಳ್ಳಗಿನ ಹುರುಪೆ ಹೊಳೆಯುತ್ತಿತ್ತು.

"ಉಪ್ಪುನೀರು ಸರ್. ಮೀನಿನದ್ದು."

ನಾನು ಬಾಯಿ ತೆರೆದೆ. ಏನು ಹೇಳಲೆಂದು ತೆರೆದೆನೋ ನನಗೇ ಗೊತ್ತಿಲ್ಲ. ಅಷ್ಟರಲ್ಲಿ ನನ್ನ ಪಕ್ಕದಿಂದ ಒಂದು ಸಣ್ಣ ಧ್ವನಿ ಬಂತು.

"ಅದು ನಾನು."

ನಾನು ತಿರುಗಿದೆ. ಸೌಮ್ಯಶ್ರೀ! ಕಣ್ಣು ನೆಲದಲ್ಲಿ.

"ನಮ್ಮ ಶಾಲೆಯ ಜೆನಿಟಾ ಟೀಚರು ಬೂತಾಯಿ ಮೀನು ಬೇಕು ಅಂತ ಕೇಳಿದ್ದರು. ಮಣಿಪಾಲಕ್ಕೆ ಅವರ ಮನೆಗೆ ಕೊಂಡುಹೋಗುವಾಗ ಚೀಲ ಹರಿದು ಸ್ವಲ್ಪ ನೀರು ಚೆಲ್ಲಿತು. ನಿಮ್ಮ ಹತ್ತಿರ ಹೇಳಲಿಕ್ಕೆ ಧೈರ್ಯ ಬರಲಿಲ್ಲ. ಬಸ್ಸಿನಲ್ಲಿ ಇನ್ನೊಮ್ಮೆ ಹಿಡ್ಕೊಂಡು ಹೋಗಲಿಕ್ಕೆ ನನಗೆ ನಾಚಿಕೆ ಆಯ್ತು ಮಾರಾಯ್ರೆ."

ಆ ಕ್ಷಣಕ್ಕೆ ನನಗೆ ನಿಜವಾಗಿಯೂ ಪಾಪವೆನಿಸಿತು. ಬಸ್ಸಿನಲ್ಲಿ ಚೀಲ ಹಿಡಿದು ನಿಂತ ಅವಳ ಮುಖ ಕಣ್ಣ ಮುಂದೆ ಬಂತು. ಸತ್ಯ ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಆದರೆ ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಸೌಮ್ಯಶ್ರೀ ತಪ್ಪು ಮಾಡಿ ನನ್ನ ಎದುರು ತಲೆ ತಗ್ಗಿಸಿ ನಿಂತದ್ದು ಇದೇ ಮೊದಲು. ಇಂಥ ಮುಹೂರ್ತ ಪಂಚಾಂಗ ನೋಡಿದರೂ ಸಿಗುವುದಿಲ್ಲ. ನಾನು ನಿಧಾನವಾಗಿ ಬೆನ್ನು ನೇರಮಾಡಿಕೊಂಡೆ.

"ಕೂತು ಮಾತಾಡುವ" ಎಂದೆ.

ಲಿಯೋನೆಲ್ ನನ್ನ ಬೆನ್ನ ಹಿಂದಿನಿಂದ, "ಡಬ್ಬಿಗೆ ಏನೂ ಆಗಲಿಲ್ಲ ಸರ್. ಕನೆಕ್ಟರು ಬದಲಿಸಿದರೆ ಆಯ್ತು. ಹೇಳಲಿಕ್ಕೆ ಬಾಕಿ ಇದ್ದದ್ದೆಲ್ಲ ಅದರ ಒಳಗೇ ಉಂಟು" ಎಂದದ್ದು ಕಿವಿಗೆ ಬಿತ್ತು. ತಲೆಗೆ ಹೋಗಲಿಲ್ಲ.

ಗಿರಾಕಿಗಳ ಕೋಣೆಯ ಸೋಫಾದ ಮೇಲೆ ಆಸೀನನಾಗಿ ನಾನು ಕ್ಷಮಾದಾನದ ಕಾರ್ಯಕ್ರಮವನ್ನು ಆರಂಭಿಸಿದೆ. ಕಾನೂನೆಂದರೇನು, ವಿಶ್ವಾಸವೆಂದರೇನು, ಒಂದು ಸಣ್ಣ ಬೂತಾಯಿ ಒಂದು ದೊಡ್ಡ ದಾಂಪತ್ಯವನ್ನು ಹೇಗೆ ಅಲುಗಾಡಿಸಬಲ್ಲದು, ಎಲ್ಲವನ್ನೂ ವಿವರಿಸಿದೆ. "ಉಪ್ಪುನೀರು ಕುಡಿದು ತಲೆಕೆಟ್ಟ ಡಬ್ಬಿ ಬಾರು ಗೀರು ಅಂತ ಬಡಬಡಿಸಿತು. ನೀನು ಅದನ್ನು ನಂಬಿ ಗಂಡನನ್ನು ಸಂಶಯಿಸಿದೆ. ಇರಲಿ. ನಾನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ."

"ತಪ್ಪಾಯಿತು" ಎಂದಳು. ಎದ್ದು ಹೋಗಿ ಮೆಷಿನ್ನಿನಿಂದ ನನಗೆ ಕಾಫಿ ತಂದುಕೊಟ್ಟಳು. ಆ ಕಾಫಿ ನೀರು ನೀರಾಗಿತ್ತು. ಅಷ್ಟು ರುಚಿಯಾದ ಕಾಫಿಯನ್ನು ನಾನು ಜನ್ಮದಲ್ಲಿ ಕುಡಿದಿಲ್ಲ.

ಅರ್ಧ ಲೋಟ ಮುಗಿದಿರಬಹುದು. ಲಿಯೋನೆಲ್ ಬಾಗಿಲಲ್ಲಿ ನಿಂತು, "ಆಯ್ತು ಮೇಡಂ, ಈಗ ಮಾತಾಡ್ತದೆ" ಎಂದರು.

ಅದು ಮಾತಾಡಿತು. ಸೌಮ್ಯಳ ಕೈಚೀಲದೊಳಗಿಂದ ಫೋನು ಟಿಣ್ ಎಂದಿತು. ಮತ್ತೆ ಟಿಣ್. ಆಮೇಲೆ ಬಿಡುವಿಲ್ಲದೆ. ಬಾಯಿ ಕಟ್ಟಿದ್ದಷ್ಟೂ ದಿನದ ವರದಿಗಳನ್ನು ಡಬ್ಬಿ ಒಂದನ್ನೂ ಬಿಡದೆ ಒಪ್ಪಿಸತೊಡಗಿತ್ತು. ಸೌಮ್ಯ ಕನ್ನಡಕ ಹಾಕಿಕೊಂಡಳು. ಭಾನುವಾರದ ಪ್ರಯಾಣವನ್ನು ತರಗತಿಯಲ್ಲಿ ಪಾಠ ಓದುವ ಧ್ವನಿಯಲ್ಲಿ ಓದಿದಳು.

"'ಸಾಗರ ಸಂಗಮ ಬಾರ್ ಎಂಡ್ ರೆಸ್ಟೋರೆಂಟಿನಿಂದ ಅಜೆಕಾರು. ಸುರಕ್ಷಿತ ಚಾಲನೆ. ಪ್ರಯಾಣಿಕರು ಇಬ್ಬರು. ಇಬ್ಬರೂ ಸೀಟ್ ಬೆಲ್ಟ್ ಧರಿಸಿದ್ದಾರೆ. ಅಭಿನಂದನೆಗಳು.'"

ಓದಿ ಮುಗಿಸಿ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು.

"ಇಬ್ಬರಾ?" ಎಂದಳು.

"ಡಬ್ಬಿಗೆ ತಲೆ..."

"ಡಬ್ಬಿಗೆ ಏನೂ ಆಗಲಿಲ್ಲ ಅಂತ ಅವರು ಹೇಳಿದರು. ಬಾರಿನ ಎದುರು ಹತ್ತಿದ್ದು, ನಿಮ್ಮ ಪಕ್ಕದಲ್ಲಿ ಬೆಲ್ಟು ಹಾಕ್ಕೊಂಡು ಕೂತದ್ದು, ಅಜೆಕಾರಿನಲ್ಲಿ ಇಳಿದದ್ದು. ಯಾರು ಅದು?"

ನನ್ನ ಅವಸ್ಥೆಯನ್ನು ಯೋಚಿಸಿ. ಇಷ್ಟು ಹೊತ್ತು ಬರೇ ಕುಡುಕನಾಗಿದ್ದವನು ಈಗ ಬಾರಿನಿಂದ ಯಾರನ್ನೋ ಹತ್ತಿಸಿಕೊಂಡು ಊರು ಸುತ್ತುವವನೂ ಆಗಿಬಿಟ್ಟೆ. ಲಿಯೋನೆಲ್‌ಗೆ ಇದ್ದಕ್ಕಿದ್ದಂತೆ ಎಲ್ಲೋ ಬಿಟ್ಟುಬಂದ ಸ್ಪಾನರಿನ ನೆನಪಾಯಿತು, ಅವರು ಮಾಯವಾದರು. ಸೌಮ್ಯ ಆಗಲೇ ಅಜೆಕಾರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ್ದಳು.

"ಅಮ್ಮ, ಮೊನ್ನೆ ಆದಿತ್ಯವಾರ ಇವರ ಒಟ್ಟಿಗೆ ಯಾರು ಬಂದಿದ್ದರು?"

ನನ್ನ ಅತ್ತೆ ಅಳಿಯನಿಗೆ ಕೊಟ್ಟ ಮಾತನ್ನು ಪ್ರಾಣ ಹೋದರೂ ಉಳಿಸುವವರು.

"ಯಾರೂ ಬರಲಿಲ್ಲ ಮಗಾ! ಒಬ್ಬರೇ ಬಂದದ್ದು, ಕೈ ಬೀಸಿಕೊಂಡು ಬಂದದ್ದು. ಬಂಗುಡೆ ಗಿಂಗುಡೆ ಎಂತದ್ದೂ ತರಲಿಲ್ಲ. ಪೆಟ್ಟಿಗೆ ಇಳಿಸಲಿಕ್ಕೆ ನಾನು ಕೈ ಹಾಕಲೇ ಇಲ್ಲ. ಆಚೆಮನೆಯವರಿಗೆ ಹಂಚಿದ್ದೂ ಇಲ್ಲ!"

ಸೌಮ್ಯ ಫೋನನ್ನು ಮೆಲ್ಲಗೆ ಕೆಳಗಿಟ್ಟಳು. ಕನ್ನಡಕ ತೆಗೆದಳು. ನನ್ನನ್ನು ನೋಡಿದಳು. ನಾನು ಕಾಫಿಯ ಲೋಟವನ್ನು ನೋಡಿದೆ.

"ಬಂಗುಡೆಗೆ... ಬೆಲ್ಟು ಹಾಕಿದ್ದಾ?"

"ಟೀಂ ಟೀಂ ಅಂತ ಬಡ್ಕೊಳ್ತಿತ್ತು" ಎಂದೆ.

ಅವಳು ಬೈಯುತ್ತಾಳೆಂದು ಕಣ್ಣು ಮುಚ್ಚಿದೆ. ಬೈಗುಳ ಬರಲಿಲ್ಲ. ಕಣ್ಣು ತೆರೆದಾಗ ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಲುಗಾಡುತ್ತಿದ್ದಳು. ಆಮೇಲೆ ಸೆರಗೂ ಸಾಲದಾಯಿತು. ಸೋಫಾದ ಮೇಲೆ ಹೊರಳಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಬಾಗಿಲಾಚೆಯಿಂದ ಲಿಯೋನೆಲ್ ನಗುವುದೂ ಕೇಳಿಸಿತು. ಕೊನೆಗೆ ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ನಿಜ ಹೇಳಬೇಕೆಂದರೆ ಎದೆಯ ಮೇಲಿನ ಪೆಟ್ಟಿಗೆಯೊಂದು ಇಳಿದ ಹಾಗೆ ಹಗುರವಾಯಿತು.

ಆದರೆ ಟೀಚರು ನಕ್ಕರೆಂದು ಶಿಕ್ಷೆ ಮಾಫಿ ಆಗುವುದಿಲ್ಲ. ನನ್ನ ಶಾಸನ ಅಲ್ಲೇ ರದ್ದಾಯಿತು. ಹೊಸ ಶಾಸನದ ಪ್ರಕಾರ ಪ್ರತಿ ಭಾನುವಾರ ನಾನು ಅಜೆಕಾರಿಗೆ ಮೀನು ಒಯ್ಯಬೇಕು, ದಾರಿಯಲ್ಲಿ ಜೆನಿಟಾ ಟೀಚರ ಅಕ್ಕನ ಮನೆ ಕಾರ್ಕಳದಲ್ಲಿ ಇರುವುದರಿಂದ ಅವರಿಗೂ ಒಂದು ಪಾಲು. ಅತ್ತೆಗೆ ಒಂದು ಹೊಸ ಫೋನು ಬಂತು. ಸೌಮ್ಯ ಅದರಲ್ಲಿ ಕಾರಿನ ಆಪು ಹಾಕಿ, ಪಕ್ಕದಲ್ಲಿ ಕೂತು ಪಾಠ ಮಾಡಿಕೊಟ್ಟಳು. ಅತ್ತೆ ಎಷ್ಟು ಜಾಣೆ ಎಂದರೆ, ಕಾರು ಬೆಳ್ಮಣ್ಣು ದಾಟುವಾಗ ತೆಂಗಿನಕಾಯಿ ತುರಿಯಲು ಕೂರುತ್ತಾರೆ, ಕಾರ್ಕಳ ಬಿಟ್ಟಾಗ ಒಲೆಯ ಮೇಲೆ ಕಾವಲಿ ಏರುತ್ತದೆ.

ಮೊನ್ನೆಯ ಭಾನುವಾರ ಎಂಥ ಸೆಕೆ ಎಂದರೆ ಡಾಮರು ಮೆತ್ತಗಾಗಿತ್ತು. ಕಾರ್ಕಳದ ಪೇಟೆಯಲ್ಲಿ ನಿಂತಿದ್ದಾಗ ಪರಿಚಯದ ಭೋಜಣ್ಣ ಗಾಜು ತಟ್ಟಿದರು. ಇಳಿಸಿದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮೈಗೆ ಶಾಲು, ತಲೆಗೆ ಉಣ್ಣೆಯ ಟೊಪ್ಪಿ, ಕಿವಿಗೆ ಹತ್ತಿ.

"ಎಂತ ಮಾರಾಯ್ರೆ, ಜ್ವರವಾ?"

ನಾನು ಉತ್ತರ ಕೊಡುವಷ್ಟರಲ್ಲಿ ಕಾರಿಗೆ ಜೋಡಿಸಿದ್ದ ನನ್ನ ಫೋನಿಗೆ ಕರೆ ಬಂದು, ನಾಲ್ಕೂ ಸ್ಪೀಕರಿನಿಂದ ಅಜೆಕಾರಿನ ಧ್ವನಿ ಕಾರ್ಕಳದ ಪೇಟೆಗೆಲ್ಲ ಕೇಳುವಂತೆ ಮೊಳಗಿತು.

"ಅಳಿಯಂದಿರೇ, ಗಾಜು ಇಳಿಸಿದ್ದು ಯಾಕೆ? ಏಸಿ ಇಪ್ಪತ್ತಕ್ಕೆ ಏರಿಸಿದ್ದು ಯಾರು? ಹದಿನಾರಕ್ಕೆ ಇಳಿಸಿ. ನಿಮಗೆ ಚಳಿಯಾದರೆ ಬಂದ ಮೇಲೆ ಕಷಾಯ ಮಾಡಿಕೊಡ್ತೇನೆ. ಮೀನು ಹಾಳಾದರೆ ನಾನು ಎಂತ ಮಾಡುವುದು?"

ಭೋಜಣ್ಣ ಹಿಂದಿನ ಸೀಟಿನಲ್ಲಿ ಯಾರಿದ್ದಾರೆಂದು ಬಗ್ಗಿ ಹುಡುಕುತ್ತಿದ್ದರು. ನಾನು ಗಾಜು ಏರಿಸಿ, ಹದಿನಾರಕ್ಕೆ ಇಳಿಸಿ, ಹಲ್ಲು ಕಟಕಟಿಸುತ್ತ ಅಜೆಕಾರಿನ ಕಡೆ ಹೊರಟೆ.